ಅಂಗಡಿಯ ಹುಡುಗ ಮಾಡಿಕೊಟ್ಟ ಜಿಮೇಲ್

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನ್ನ ಷಡ್ಡಕರು ಕಳೆದ ದೀಪಾವಳಿಗೆ ಹಳೆಯ ಫೋನನ್ನು ಎಕ್ಸ್‌ಚೇಂಜಿಗೆ ಕೊಟ್ಟು ಹೊಸದನ್ನು ತಂದರು. ಮನೆಗೆ ಬಂದು ತೆರೆದಾಗ ಹೊಸ ಫೋನು ಜಿಮೇಲ್ ಪಾಸ್‌ವರ್ಡ್ ಕೇಳಿತು. ಅವರು ಅದನ್ನು ಮರೆತಿದ್ದರು ಎನ್ನಲಾಗದು, ಏಕೆಂದರೆ ಅದು ಅವರಿಗೆ ಯಾವತ್ತೂ ಗೊತ್ತೇ ಇರಲಿಲ್ಲ. ಐದು ವರ್ಷಗಳ ಹಿಂದೆ ಮೊದಲ ಸ್ಮಾರ್ಟ್‌ಫೋನ್ ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗನೇ ಖಾತೆ ತೆರೆದು, ತನಗೆ ತೋಚಿದ ಪಾಸ್‌ವರ್ಡ್ ಹಾಕಿ, ಖಾತೆಯನ್ನು ಮರಳಿ ಪಡೆಯಲು ಬೇಕಾದ ಮೊಬೈಲ್ ಸಂಖ್ಯೆಯ ಜಾಗದಲ್ಲಿ ತನ್ನದೇ ಸಂಖ್ಯೆಯನ್ನು ತುಂಬಿ ಕೊಟ್ಟಿದ್ದ. ಆ ಹುಡುಗ ಈಗ ಆ ಅಂಗಡಿಯಲ್ಲಿಲ್ಲ. ಆ ಸಂಖ್ಯೆಯೂ ಚಾಲ್ತಿಯಲ್ಲಿಲ್ಲ.

ಹೊಸ ಜಿಮೇಲ್ ಒಂದನ್ನು ತೆರೆದರೆ ಮುಗಿಯಿತು ಎಂದು ಅವರು ಭಾವಿಸಿದ್ದರು. ಆದರೆ ಸಗಟು ಆರ್ಡರ್ ಬರುವ ಜಾಲತಾಣಕ್ಕೆ, ಲೇಬಲ್ ಮುದ್ರಿಸಿಕೊಡುವ ತಾಣಕ್ಕೆ, ಲಾರಿ ಬುಕ್ಕಿಂಗಿಗೆ, ಕೊನೆಗೆ ಮಗಳು ಪರೀಕ್ಷೆಗೆ ಓದಿಕೊಳ್ಳುವ ಆ್ಯಪಿಗೆ ಕೂಡ ಅವರು ‘ಗೂಗಲ್ ಮೂಲಕ ಸೈನ್ ಇನ್’ ಎಂಬ ಗುಂಡಿಯನ್ನೇ ಒತ್ತಿ ಒಳಗೆ ಹೋಗಿದ್ದರು. ಒಂದು ಖಾತೆ ಕೈ ತಪ್ಪಿದ್ದರಿಂದ ಒಟ್ಟು ಏಳು ಬಾಗಿಲುಗಳು ಮುಚ್ಚಿಕೊಂಡವು, ಅವುಗಳಲ್ಲೊಂದರ ಹಿಂದೆ ಬರಬೇಕಾದ ಹಣವೂ ಇತ್ತು.

ಹೊಸ ತಾಣಕ್ಕೆ ಹೋದಾಗ ಗೂಗಲ್ ಅಥವಾ ಫೇಸ್‌ಬುಕ್ ಗುಂಡಿ ಒತ್ತಬೇಕೋ, ಬೇರೆಯದೇ ಹೆಸರು, ಪಾಸ್‌ವರ್ಡ್ ಕೊಟ್ಟು ಖಾತೆ ತೆರೆಯಬೇಕೋ ಎಂದು ಅಂದಿನಿಂದ ನನ್ನನ್ನು ಅನೇಕರು ಕೇಳಿದ್ದಾರೆ. ಉತ್ತರ ಹೇಳುವ ಮೊದಲು ಆ ಗುಂಡಿಯ ಹಿಂದೆ ನಡೆಯುವುದೇನು ಎಂಬುದನ್ನು ತಿಳಿಯಬೇಕು. ಅಹಮದಾಬಾದಿನ ಡೆನಿಮ್ ವ್ಯಾಪಾರಿಯ ಬಳಿಗೆ ಉದ್ರಿ ಕೇಳಿಕೊಂಡು ಹೋದವನು ಊರಿನ ಸಾಹುಕಾರರ ಚೀಟಿ ತೋರಿಸಿದ ಹಾಗೆ ಅದು. ಹೊಸ ತಾಣವು ನಿಮ್ಮನ್ನು ಗೂಗಲ್‌ನ ಪುಟಕ್ಕೆ ಕಳುಹಿಸುತ್ತದೆ; ಪಾಸ್‌ವರ್ಡನ್ನು ನೀವು ಅಲ್ಲಿ ಕೊಡುತ್ತೀರಿ; ಗೂಗಲ್ ‘ಇವರು ನಮಗೆ ಪರಿಚಿತರು’ ಎಂಬ ಟೋಕನ್ ಒಂದನ್ನು ಹೊಸ ತಾಣಕ್ಕೆ ತಲುಪಿಸುತ್ತದೆ. ಚೀಟಿಯಲ್ಲಿ ಸಾಮಾನ್ಯವಾಗಿ ಹೆಸರು, ಇಮೇಲ್ ವಿಳಾಸ, ಭಾವಚಿತ್ರ ಮತ್ತು ನಿಮಗೆ ಮಾತ್ರ ಸೇರಿದ ಗುರುತಿನ ಸಂಖ್ಯೆಯೊಂದು ಇರುತ್ತವೆ, ಪಾಸ್‌ವರ್ಡ್ ಇರುವುದಿಲ್ಲ. ಈ ವ್ಯವಸ್ಥೆಯ ತಳದಲ್ಲಿರುವ ಓಆತ್ 2.0 ಎಂಬ ಮಾನಕ 2012ರಲ್ಲಿಯೂ, ಗುರುತು ದೃಢಪಡಿಸುವುದಕ್ಕಾಗಿ ಅದರ ಮೇಲೆ ಕಟ್ಟಿದ ಓಪನ್‌ಐಡಿ ಕನೆಕ್ಟ್ 2014ರಲ್ಲಿಯೂ ಬಂದವು.

ಹೊಸ ತಾಣಕ್ಕೆ ಪಾಸ್‌ವರ್ಡೇ ಸಿಗದಿರುವುದು ಸಣ್ಣ ಲಾಭವಲ್ಲ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದಾಗ ಅವು ಯಾವ ಗೂಢಲಿಪಿಯೂ ಇಲ್ಲದೆ, ನೇರವಾಗಿ ಓದಬಹುದಾದ ರೂಪದಲ್ಲಿದ್ದವು. ಲಿಂಕ್ಡ್‌ಇನ್‌ನಿಂದ 2012ರಲ್ಲಿ ಕಳುವಾದವು ಹ್ಯಾಶ್ ರೂಪದಲ್ಲಿ, ಅಂದರೆ ಲೆಕ್ಕದ ಸೂತ್ರವೊಂದರಿಂದ ನೇರವಾಗಿ ಓದಲಾಗದಂತೆ ಮಾರ್ಪಡಿಸಿದ ರೂಪದಲ್ಲಿದ್ದರೂ ಆ ಹ್ಯಾಶ್ ದುರ್ಬಲವಾಗಿತ್ತು. ಅಂಥ ಪಟ್ಟಿ ಕೈಗೆ ಸಿಕ್ಕವರು ಅದೇ ಇಮೇಲ್, ಅದೇ ಪಾಸ್‌ವರ್ಡನ್ನು ಯಂತ್ರದ ಮೂಲಕ ನೂರಾರು ಬೇರೆ ತಾಣಗಳಲ್ಲಿ ಪ್ರಯೋಗಿಸುತ್ತಾರೆ. ಪ್ರತ್ಯೇಕ ಖಾತೆಯೇ ಸುರಕ್ಷಿತ ಎಂದು ಬೋಧಿಸುವವರು ಈ ಮಾತನ್ನು ಪೂರ್ತಿ ಹೇಳುವುದಿಲ್ಲ. ಹತ್ತು ಖಾತೆಗಳನ್ನು ತೆರೆದು ಹತ್ತಕ್ಕೂ ಮಗನ ಹೆಸರು ಮತ್ತು 123 ಎಂದು ಬರೆದರೆ ಖಾತೆಗಳು ಮಾತ್ರ ಹತ್ತು, ಬೀಗ ಒಂದೇ. ನಾನು ಲೆಕ್ಕ ಬರೆಯುವ ಘಟಕಗಳಲ್ಲಿ ಕಂಡದ್ದು ಹೆಚ್ಚಾಗಿ ಇದೇ.

ಆದರೆ ಚೀಟಿಯ ವ್ಯವಹಾರಕ್ಕೂ ಅದರದೇ ತೊಡಕುಗಳಿವೆ. 2018ರ ಸೆಪ್ಟೆಂಬರಿನಲ್ಲಿ ನಮ್ಮ ಪುಟ ಬೇರೆಯವರಿಗೆ ಹೇಗೆ ಕಾಣುತ್ತದೆ ಎಂದು ತೋರಿಸುವ ಫೇಸ್‌ಬುಕ್‌ನ ‘ವ್ಯೂ ಆ್ಯಸ್’ ಸೌಲಭ್ಯದ ದೋಷವನ್ನು ಬಳಸಿಕೊಂಡು ಟೋಕನ್‌ಗಳನ್ನು ಕದ್ದ ಸುದ್ದಿ ಹೊರಬಂದಿತು. ಮೊದಲು ಸುಮಾರು 5 ಕೋಟಿ ಖಾತೆಗಳೆಂದು ಹೇಳಿದ ಕಂಪನಿಯು ಅನಂತರ ಅದನ್ನು 3 ಕೋಟಿಗೆ ಇಳಿಸಿತು. ಬೇರೆ ಆ್ಯಪ್‌ಗಳೊಳಗೆ ಕಳ್ಳರು ನುಗ್ಗಿದ ಕುರುಹು ಕಂಡಿಲ್ಲವೆಂದು ಕಂಪನಿ ತಿಳಿಸಿತಾದರೂ, ಚೀಟಿ ಬರೆಯುವ ಸಾಹುಕಾರರ ಮನೆಯಲ್ಲೇ ಕಳವಾದರೆ ಚೀಟಿ ನಂಬಿದವರೆಲ್ಲರೂ ಚಿಂತಿಸಬೇಕಾಗುತ್ತದೆ ಎಂಬುದು ಅಂದು ತಿಳಿಯಿತು. ಎರಡನೆಯದು, ಅನುಮತಿ ಕೇಳುವ ಪರದೆಯನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ಹೆಸರು ಮತ್ತು ಇಮೇಲ್ ಕೇಳಿದರೆ ಸರಿ. ಜೀನ್ಸ್ ಲೇಬಲ್ ಮುದ್ರಿಸುವವರಿಗೆ ನನ್ನ ಸಂಪರ್ಕಗಳ ಪಟ್ಟಿ ಅಥವಾ ಡ್ರೈವ್‌ನ ಕಡತಗಳು ಏಕೆ ಬೇಕು? ಗೂಗಲ್ ಖಾತೆಯ ಸೆಟ್ಟಿಂಗ್‌ಗಳಿಗೆ ಹೋಗಿ ಹೊರಗಿನ ತಾಣಗಳ ಸಂಪರ್ಕವನ್ನು ಕಡಿದುಹಾಕಬಹುದು, ಆದರೆ ಆವರೆಗೆ ಆ ತಾಣ ಪಡೆದುಕೊಂಡ ಮಾಹಿತಿ ಅದರ ಬಳಿಯೇ ಉಳಿಯುತ್ತದೆ. 2019ರಲ್ಲಿ ಆ್ಯಪಲ್ ತಂದ ಇಂಥದೇ ಗುಂಡಿ ನಿಜವಾದ ಇಮೇಲ್ ಮರೆಮಾಚಿ ಬದಲಿ ವಿಳಾಸ ಕೊಡುವ ಸೌಲಭ್ಯ ಒದಗಿಸಿತು. ಕೌಲ್ ಬಜಾರಿನಲ್ಲಿ ಐಫೋನ್ ಹಿಡಿದವರು ಎಷ್ಟು ಮಂದಿ ಎಂಬುದು ಬೇರೆ ಮಾತು.

ಮೊಬೈಲ್ ಸಂಖ್ಯೆ ಕೊಟ್ಟು ಒಟಿಪಿ ಪಡೆದು ಒಳಹೋಗುವುದು ನಮ್ಮ ದೇಶದಲ್ಲಿ ಇವೆರಡಕ್ಕಿಂತ ಹೆಚ್ಚು ರೂಢಿಯಲ್ಲಿದೆ. ಆದರೆ ರೀಚಾರ್ಜ್ ನಿಲ್ಲಿಸಿ ರದ್ದಾದ ಸಂಖ್ಯೆಯನ್ನು 90 ದಿನಗಳ ಬಳಿಕ ಬೇರೆಯವರಿಗೆ ಕೊಡಲು ಅವಕಾಶವಿರುವುದರಿಂದ, ಹಳೆಯ ಸಿಮ್ ಬಿಸಾಡಿದವರು ಅದರ ಜೊತೆಗೆ ತಮ್ಮ ಒಟಿಪಿಗಳನ್ನೂ ಬಿಟ್ಟುಕೊಟ್ಟಂತಾಗುತ್ತದೆ.

ಹೀಗಾಗಿ ಹಣ, ಜಿಎಸ್‌ಟಿ ಅಥವಾ ವರ್ಷಾನುಗಟ್ಟಲೆ ಕಾಪಾಡಬೇಕಾದ ದಾಖಲೆ ಇರುವ ತಾಣಗಳಿಗೆ ನಾನು ಪ್ರತ್ಯೇಕ ಖಾತೆ ತೆರೆದು, ಪ್ರತಿಯೊಂದಕ್ಕೂ ಬೇರೆ ಪಾಸ್‌ವರ್ಡನ್ನು ಪಾಸ್‌ವರ್ಡ್ ಮ್ಯಾನೇಜರ್ ಆ್ಯಪಿನಲ್ಲಿ ಇಟ್ಟುಕೊಂಡಿದ್ದೇನೆ. ಒಮ್ಮೆ ನೋಡಿ ಬಿಡುವ ತಾಣಗಳಿಗೆ ಗೂಗಲ್ ಗುಂಡಿ ಸಾಕು. ಅಪರಿಚಿತ ತಾಣವನ್ನು ನಂಬಿ ಪಾಸ್‌ವರ್ಡ್ ಕೊಡುವುದಕ್ಕಿಂತ ಅದೇ ಲೇಸು. ಫೇಸ್‌ಬುಕ್ ಗುಂಡಿಯನ್ನು ಮಾತ್ರ ನಾನು ಎಲ್ಲಿಯೂ ಒತ್ತುವುದಿಲ್ಲ. ಆ್ಯಪ್ ಬೇಡವೆನ್ನುವ ಹಿರಿಯರಿಗೆ ಗಾದ್ರೆಜಿನಲ್ಲಿಡುವ ನೋಟ್‌ಪುಸ್ತಕವನ್ನೇ ಸೂಚಿಸುತ್ತೇನೆ, ತಜ್ಞರು ಹುಬ್ಬೇರಿಸಿದರೂ ಸರಿ. ದೂರದ ದೇಶದ ಕಳ್ಳನಿಗೆ ನಮ್ಮ ಮನೆಯ ಗಾದ್ರೆಜು ಎಟುಕುವುದಿಲ್ಲ. ‘ಹುಟ್ಟಿದ ಊರು ಯಾವುದು’ ಎಂಬಂಥ ಗುಪ್ತ ಪ್ರಶ್ನೆಯನ್ನು ಯಾರೂ ಆರಿಸಿಕೊಳ್ಳಬಾರದು. ನಮ್ಮ ಊರಿನ ಇಂಗ್ಲಿಷ್ ಹೆಸರೇ 2014ರ ನವೆಂಬರ್ 1ರಂದು ಬದಲಾಗಿದೆ, ‘ಬಿ’ ಆದ ಮೇಲೆ ‘ಇ’ ಬರೆದಿದ್ದೆವೋ ‘ಎ’ ಬರೆದಿದ್ದೆವೋ ಎಂದು ಹತ್ತು ವರ್ಷಗಳ ಬಳಿಕ ನೆನಪಿರುವುದು ಕಷ್ಟ.

ಷಡ್ಡಕರ ಸಮಸ್ಯೆ ಬಿಡಿಸಿದ್ದು ಘಟಕದ ಬಿಲ್ಲಿಂಗ್ ಕಂಪ್ಯೂಟರ್. ಅದರ ಬ್ರೌಸರಿನಲ್ಲಿ ಹಳೆಯ ಜಿಮೇಲ್ ಇನ್ನೂ ತೆರೆದೇ ಇತ್ತು. ಒಂದು ಭಾನುವಾರ ಕುಳಿತು, ಯಾರೂ ಲಾಗ್ಔಟ್ ಗುಂಡಿ ಮುಟ್ಟದಂತೆ ಮಕ್ಕಳನ್ನು ಆಚೆ ಕಳುಹಿಸಿ, ಒಂದೊಂದೇ ತಾಣಕ್ಕೆ ಅದರ ಮೂಲಕ ಪ್ರವೇಶಿಸಿ ಹೊಸ ಇಮೇಲ್, ಅವರದೇ ಮೊಬೈಲ್ ಸಂಖ್ಯೆ ಮತ್ತು ಬೇರೆ ಬೇರೆ ಪಾಸ್‌ವರ್ಡ್‌ಗಳನ್ನು ಸೇರಿಸಿದೆವು. ಐದು ತಾಣಗಳು ಒಪ್ಪಿಕೊಂಡವು, ಸಗಟು ಆರ್ಡರಿನದು ಕೂಡ. ಉಳಿದ ಎರಡರಲ್ಲಿ ಪಾಸ್‌ವರ್ಡ್ ಇಡುವ ಏರ್ಪಾಡೇ ಇಲ್ಲ. ಇಮೇಲ್ ಬದಲಿಸಿಕೊಡಿ ಎಂದು ಅವರಿಗೆ ಪತ್ರ ಬರೆದಿದ್ದೇವೆ, ಉತ್ತರ ಬರುವವರೆಗೆ ಆ ಕಂಪ್ಯೂಟರಿನ ಬ್ರೌಸರನ್ನು ಯಾರೂ ಮುಟ್ಟಬಾರದೆಂದು ಪರದೆಯ ಮೇಲೆ ಚೀಟಿ ಅಂಟಿಸಿದ್ದಾರೆ.