ಶಿರಸಿಗೆ ಹೊರಡುವ ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ

ಶಿರಸಿ ಕಡೆಯ ಮಸಾಲೆ ತೋಟ, ಆಲೆಮನೆ ನೋಡಬೇಕು ಅಂತ ಹೊರಡುವವರು ಮೊದಲು ರೂಮ್ ಹುಡುಕುತ್ತಾರೆ. ಅದಕ್ಕಿಂತ ಮುಂಚೆ ಯಾವ ತಿಂಗಳು ಹೋಗುವುದು ಅಂತ ತೀರ್ಮಾನಿಸಿ. ಕಾಳುಮೆಣಸು ಕೊಯ್ಯುವ ಹೊತ್ತಿಗೆ ಯಾಲಕ್ಕಿ ಕೊಯ್ಲು ಮುಗಿದಿರುತ್ತದೆ. ಆಲೆಮನೆ ನಡೆಯುವಾಗ ಮುರುಗಲು (ಕೋಕಂ, ಪುನರ್ಪುಳಿ) ಹಣ್ಣಾಗಿರುವುದಿಲ್ಲ. ಉಪ್ಪಾಗೆ ಎಂಬ ಹುಳಿ ಕಾಡುಹಣ್ಣು ನೋಡಬೇಕೆಂದರೆ ಜಡಿಮಳೆಯಲ್ಲೇ ಬರಬೇಕು. ‘ಎಲ್ಲ ಗಿಡವನ್ನೂ ಎರಡು ಗಂಟೆಯಲ್ಲಿ ತೋರಿಸುತ್ತೇವೆ’ ಎನ್ನುವ ಕಡೆ ನೀವು ನೋಡುವುದು ಗಿಡದ ಮುಂದಿನ ಬೋರ್ಡ್ ಮಾತ್ರ. ಅಂಥ ಒಂದು ತೋಟಕ್ಕೆ ನಾವೂ ಹೋಗಿದ್ದೆವು. ವೆನಿಲಾ ಬಳ್ಳಿ ತೋರಿಸಿ ‘ಇದರಿಂದಲೇ ಐಸ್‌ಕ್ರೀಂ’ ಅಂದರು, ಮುಂದಿನ ತಿರುವಿನಲ್ಲಿ ಅಂಗಡಿ ಬಂತು.

ನನ್ನ ಲೆಕ್ಕ ಹೀಗೆ. ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಆಲೆಮನೆ ಮತ್ತು ಕಾಳುಮೆಣಸು. ಅದೇ ಹೊತ್ತಿಗೆ ಉಪ್ಪಿನಕಾಯಿಯ ಎಳೆ ಮಾವು ಅಪ್ಪೆಮಿಡಿಯೂ ಶುರುವಾಗುತ್ತದೆ. ಏಪ್ರಿಲ್, ಮೇ ಅಂದರೆ ಮುರುಗಲು, ಹಲಸು. ಮಳೆ ಹಿಡಿದ ಮೇಲೆ ಉಪ್ಪಾಗೆ. ಮಳೆ ಇಳಿಯುತ್ತಾ ಬಂದಾಗ ಯಾಲಕ್ಕಿ. ಮಕ್ಕಳಿದ್ದರೆ ಫೆಬ್ರವರಿ ಬಿಟ್ಟು ಬೇರೆ ಯೋಚನೆ ಬೇಡ. ಶಾಲೆಗೆ ಒಂದೆರಡು ದಿನ ರಜೆ ಹಾಕಿಸಿದರೂ ನಷ್ಟವಿಲ್ಲ. ಇನ್ನೊಂದು ವಿಷಯ: ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಮಾರ್ಚ್ ಆಸುಪಾಸಿನಲ್ಲಿ ಬರುತ್ತದೆ. 2022, 2024ರಲ್ಲಿ ಆಗಿತ್ತು. ಸಮ ಸಂಖ್ಯೆಯ ವರ್ಷವಾದರೆ ಜಾತ್ರೆಯ ತಾರೀಕು ನೋಡಿಕೊಂಡೇ ಹೊರಡಿ. ಆ ದಿನಗಳಲ್ಲಿ ಊರಲ್ಲಿ ರೂಮ್ ಸಿಗುವುದು ಕಷ್ಟ.

ಹೋಗುವ ದಾರಿ ಸುಲಭ. ಬೆಂಗಳೂರಿನಿಂದ ಸುಮಾರು 400 ಕಿ.ಮೀ. ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ಬಸ್ಸಿನಲ್ಲಿ ನಿದ್ದೆ ಬರದವರು ಮೈಸೂರಿನಿಂದ ಬೆಂಗಳೂರು ಮೇಲೆ ಬರುವ ರಾತ್ರಿ ರೈಲಿಗೆ ತಾಳಗುಪ್ಪಕ್ಕೆ ಬಂದು, ಅಲ್ಲಿಂದ ಸಿದ್ದಾಪುರದ ಮೇಲೆ ಶಿರಸಿಗೆ ಹೋಗಬಹುದು. ಸುಮಾರು 50 ಕಿ.ಮೀ ರಸ್ತೆ. ಕಡೆಯ ಸ್ಟೇಷನ್ ಆದ್ದರಿಂದ ನಿಲ್ದಾಣ ತಪ್ಪಿಹೋಗುವ ಭಯವೂ ಇಲ್ಲ.

ಸ್ವಂತ ಕಾರಿನಲ್ಲಿ ಹೋಗುವವರು ಹಾವೇರಿ ಮೇಲೆ ಹೋಗಿ. ಹಾಗೆ ಹೋದರೆ ಬ್ಯಾಡಗಿ ದಾರಿಯಲ್ಲೇ ಸಿಗುತ್ತದೆ. ಸೋಮವಾರ, ಗುರುವಾರ ಅಲ್ಲಿನ ಮೆಣಸಿನಕಾಯಿ ಮಾರುಕಟ್ಟೆ ಜೋರು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದರಿಂದ ತೆಗೆದ ಬಣ್ಣದೆಣ್ಣೆ ಸಾಸ್‌ಗೂ ಹೋಗುತ್ತದೆ, ಲಿಪ್‌ಸ್ಟಿಕ್‌ಗೂ ಹೋಗುತ್ತದೆ. ಚೀಲಗಳ ಸಾಲಿನ ಮಧ್ಯೆ ನಡೆಯುವಾಗ ಮೂಗಿಗೆ ಒದ್ದೆ ಕರ್ಚೀಫ್ ಇರಲಿ. ಸೀನು ಶುರುವಾದರೆ ನಿಲ್ಲುವುದಿಲ್ಲ. ಮನೆಗೆ ಕೊಳ್ಳುವುದಾದರೆ ಸುಕ್ಕು ಜಾಸ್ತಿ ಇರುವ ಡಬ್ಬಿ ಜಾತಿ ಕೇಳಿ. ಹಾವೇರಿಯಲ್ಲಿ ಯಾಲಕ್ಕಿ ಹಾರ ಸಿಗುತ್ತದೆ. ನೋಡಲು ಚೆಂದ, ಆದರೆ ಅದು ಸನ್ಮಾನಕ್ಕೆ. ಪಾಯಸಕ್ಕೆ ಬೇಕಾದ ಯಾಲಕ್ಕಿ ಶಿರಸಿಯಲ್ಲೇ ತೆಗೆದುಕೊಳ್ಳಿ.

ಈಗ ಆಲೆಮನೆ. ಶಿರಸಿ, ಸಿದ್ದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಫೆಬ್ರವರಿ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಗಾಣ ಹೂಡಿರುತ್ತಾರೆ. ಇದನ್ನು ಆನ್‌ಲೈನ್‌ನಲ್ಲಿ ಬುಕ್ ಮಾಡಲು ನೋಡಬೇಡಿ. ಇವತ್ತು ಇಲ್ಲಿ, ಮುಂದಿನ ವಾರ ಬೇರೆಯವರ ಗದ್ದೆಯಲ್ಲಿ. ಉಳಿದುಕೊಂಡ ಮನೆಯವರನ್ನೋ, ಊರಿನ ಕಿರಾಣಿ ಅಂಗಡಿಯವರನ್ನೋ ಕೇಳಿದರೆ ಯಾರ ಮನೆಯಲ್ಲಿ ನಡೆಯುತ್ತಿದೆ ಅಂತ ತಕ್ಷಣ ಹೇಳುತ್ತಾರೆ. ಮೊದಲೇ ಫೋನ್ ಮಾಡಿಸಿ, ಸಂಜೆ ನಾಲ್ಕರ ಮೇಲೆ ಹೋಗಿ, ರಾತ್ರಿ ಊಟದ ಹೊತ್ತಿನವರೆಗೂ ಇರುವ ಹಾಗೆ ಸಮಯ ಇಟ್ಟುಕೊಳ್ಳಿ. ಕೊಪ್ಪರಿಗೆ ಇಳಿಸುವವರೆಗೆ ಕಾಯದೆ ಬಂದರೆ ಅರ್ಧ ನೋಡಿದ ಹಾಗೆ.

ಹೆಚ್ಚಿನ ಕಡೆ ಈಗ ಗಾಣಕ್ಕೆ ಮೋಟಾರ್ ಇದೆ. ಕೋಣ ಕಟ್ಟಿದ ಗಾಣ ಅಪರೂಪ. ಅದು ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಬೆಲ್ಲದ ರುಚಿಗೇನೂ ಕಡಿಮೆಯಾಗುವುದಿಲ್ಲ. ಹೋದ ತಕ್ಷಣ ಕೈಗೆ ದೊಡ್ಡ ಲೋಟದಲ್ಲಿ ಕಬ್ಬಿನ ಹಾಲು ಬರುತ್ತದೆ. ಜೊತೆಗೆ ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮೊದಲ ಲೋಟಕ್ಕೇ ಹೊಟ್ಟೆ ತುಂಬಿಸಿಕೊಳ್ಳಬೇಡಿ, ಮುಂದೆ ತಿನ್ನುವುದು ತುಂಬಾ ಇದೆ.

ಸೋಸಿದ ಹಾಲು ಕೊಪ್ಪರಿಗೆಗೆ ಬಿದ್ದ ಮೇಲೆ ನಿಜವಾದ ಕೆಲಸ. ಕಾಯುತ್ತಾ ಬಂದ ಹಾಗೆ ಹಸಿರು ಮಿಶ್ರಿತ ಕಪ್ಪು ಮಡ್ಡಿ ಮೇಲೆ ಬರುತ್ತದೆ, ಅದನ್ನು ಜಾಲರಿ ಸೌಟಿನಲ್ಲಿ ತೆಗೆಯುತ್ತಲೇ ಇರಬೇಕು. ಸ್ವಲ್ಪ ಸುಣ್ಣದ ನೀರು, ಕೆಲವರು ಬೆಂಡೆ ಗಿಡದ ಲೋಳೆ ಹಾಕುತ್ತಾರೆ. ಲೋಳೆ ಕೊಳೆಯನ್ನು ಹಿಡಿದುಕೊಂಡು ಮೇಲೆ ತರುತ್ತದೆ. ಆಮೇಲೆ ನೊರೆ ಉಕ್ಕುತ್ತದೆ. ನನ್ನ ಮಗಳು ಆ ನೊರೆಗೆ ಕೈ ಚಾಚಿದ್ದೇ ತಡ, ಅಲ್ಲಿದ್ದ ಹಿರಿಯರೊಬ್ಬರು ‘ಕೂಸೆ, ಕೈ ಹಾಕಡ, ಸುಡ್ತು!’ ಅಂತ ಗದರಿ, ಬಾಳೆ ಎಲೆಯ ತುಂಡಿನಲ್ಲಿ ತಾವೇ ತೆಗೆದುಕೊಟ್ಟರು. ಆ ನೊರೆಬೆಲ್ಲದ ರುಚಿ ಅಂಗಡಿಯಲ್ಲಿ ಸಿಗುವುದಿಲ್ಲ. ಮಕ್ಕಳನ್ನು ಕೊಪ್ಪರಿಗೆಯಿಂದ ನಾಲ್ಕು ಹೆಜ್ಜೆ ದೂರವೇ ನಿಲ್ಲಿಸಿ. ಕುದಿಯುವ ಪಾಕ ಸಿಡಿದರೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ನೀರು ಸಿಡಿದ ಹಾಗೆ ಜಾರಿಹೋಗುವುದಿಲ್ಲ.

ಶಿರಸಿಯವರಿಗೆ ಬೇಕಾದದ್ದು ಜೋನಿ ಬೆಲ್ಲ, ಅಂದರೆ ದ್ರವರೂಪದ ಬೆಲ್ಲ. ಸುಮಾರು 105 ಡಿಗ್ರಿಗೆ ಇಳಿಸಿದರೆ ಜೋನಿ, 118ರವರೆಗೆ ಬಿಟ್ಟರೆ ಅಚ್ಚುಬೆಲ್ಲ. ಅಲ್ಲಿ ಯಾರ ಕೈಯಲ್ಲೂ ಥರ್ಮಾಮೀಟರ್ ಕಾಣಲಿಲ್ಲ. ಸೌಟಿನಿಂದ ಬೀಳುವ ಹನಿ ಎಷ್ಟು ಉದ್ದ ಎಳೆಯುತ್ತದೆ ಅಂತ ನೋಡಿ ‘ಆತು’ ಅಂದರೆ ಆಯಿತು. ಬೇಗ ಇಳಿಸಿದರೆ ಬೆಲ್ಲ ನೀರಾಗಿ ಹುಳಿ ಬರುತ್ತದೆ, ತಡವಾದರೆ ಗಟ್ಟಿಯಾಗುತ್ತದೆ. ಒಂದು ಟನ್ ಕಬ್ಬಿಗೆ ಅಚ್ಚುಬೆಲ್ಲವಾದರೆ ಹೆಚ್ಚು ಕಡಿಮೆ 100 ಕಿಲೋ ಬರುತ್ತದೆ. ಇಷ್ಟು ನೋಡಿದ ಮೇಲೆ ಜೋನಿ ಬೆಲ್ಲದ ರೇಟಿಗೆ ಚೌಕಾಸಿ ಮಾಡುವ ಮನಸ್ಸು ಬರುವುದಿಲ್ಲ.

ಒಲೆಯ ಬಾಯಿಯ ಹತ್ತಿರವೂ ಸ್ವಲ್ಪ ಹೊತ್ತು ನಿಲ್ಲಿ. ಬಂದವರೆಲ್ಲ ಕೊಪ್ಪರಿಗೆಯ ಫೋಟೊ ತೆಗೆದು ಹೋಗುತ್ತಾರೆ, ಕೆಳಗೆ ಬೆಂಕಿ ನೋಡಿಕೊಳ್ಳುವವನನ್ನು ಯಾರೂ ಮಾತಾಡಿಸುವುದಿಲ್ಲ. ಉರಿಯುವುದು ಹಿಂದೆ ಹಿಂಡಿ ಒಣಗಿಸಿದ ಕಬ್ಬಿನ ಸಿಪ್ಪೆ. ಕಬ್ಬಿನ ಹಾಲನ್ನು ಕಬ್ಬೇ ಬೇಯಿಸುತ್ತದೆ. ಸಿಪ್ಪೆ ಬೇಗ ಹೊತ್ತಿ ಬೇಗ ಉರಿದುಹೋಗುವುದರಿಂದ ಒಬ್ಬ ಮನುಷ್ಯ ಕೂತು ಹಿಡಿಹಿಡಿಯಾಗಿ ನೂಕುತ್ತಲೇ ಇರಬೇಕು. ಪಾಕ ಹದಕ್ಕೆ ಬರುವಾಗ ಮೇಲಿನವರು ಕೂಗುತ್ತಾರೆ, ಇವನು ನೂಕುವುದು ನಿಲ್ಲಿಸುತ್ತಾನೆ, ಎರಡೇ ನಿಮಿಷದಲ್ಲಿ ಉರಿ ಇಳಿಯುತ್ತದೆ. ಸೌದೆಯಾಗಿದ್ದರೆ ಕೆಂಡ ಕಾಯುತ್ತಲೇ ಇದ್ದು ಬೆಲ್ಲ ಸೀದುಹೋಗುತ್ತಿತ್ತು.

ಅದೃಷ್ಟ ಇದ್ದರೆ ತೊಡೆದೇವು ಎಂಬ ತೆಳು ಸಿಹಿತಿಂಡಿ ಮಾಡುವುದೂ ನೋಡಲು ಸಿಗುತ್ತದೆ. ಅಕ್ಕಿಯನ್ನು ಕಬ್ಬಿನ ಹಾಲಿನಲ್ಲಿ ನುಣ್ಣಗೆ ರುಬ್ಬಿದ ತೆಳು ಹಿಟ್ಟು. ಒಲೆಯ ಮೇಲೆ ಬೋರಲು ಹಾಕಿದ ಮಣ್ಣಿನ ಗಡಿಗೆ. ಕೋಲಿಗೆ ಸುತ್ತಿದ ಬಟ್ಟೆಯನ್ನು ಹಿಟ್ಟಿಗೆ ಅದ್ದಿ ಗಡಿಗೆಯ ಬೆನ್ನಿನ ಮೇಲೆ ಒಂದೇ ಸಲ ಎಳೆಯುತ್ತಾರೆ. ‘ಚುಂಯ್’ ಅಂತ ಸದ್ದು, ಅಂಚು ಏಳುತ್ತದೆ, ಎರಡೂ ಕೈಯಲ್ಲಿ ಬಿಡಿಸಿ ಬಿಸಿ ಇರುವಾಗಲೇ ಮಡಚುತ್ತಾರೆ. ಆಚೆ ಬದಿಯ ಬೆಳಕು ಕಾಣುವಷ್ಟು ತೆಳು. ತಣ್ಣಗಾದ ಮೇಲೆ ಮುಟ್ಟಿದರೆ ಪುಡಿ. ಊರಿಗೆ ತರುವುದಾದರೆ ಗಟ್ಟಿ ಡಬ್ಬಿ ಬೇಕು. ತಿನ್ನುವ ಮೊದಲು ಬಿಸಿ ಹಾಲು ಅಥವಾ ತುಪ್ಪ ಹಾಕಿಕೊಳ್ಳಿ.

ಮರುದಿನ ಬೆಳಿಗ್ಗೆ ತೋಟಕ್ಕೆ ಇಳಿಯಿರಿ. ಅಡಿಕೆ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ, ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್ ಬಂದಿದೆ ಅಂತ ಹೇಳಿದರೆ ಸಾಕು. ನಮ್ಮ ಕಣ್ಣು ಮರ ಹಬ್ಬಿದ ಕಾಳುಮೆಣಸಿನ ಬಳ್ಳಿಯ ಮೇಲಿತ್ತು. ಒಂಟಿ ಗಳದ ಏಣಿ ಹಾಕಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಕೊಯ್ಯುತ್ತಾರೆ. ಕರೆಯಲ್ಲಿ (ಕಾಳಿನ ಗೊಂಚಲಿನಲ್ಲಿ) ಒಂದೆರಡು ಕಾಳು ಕೆಂಪಾದರೆ ಅದು ಕೊಯ್ಲಿಗೆ ಬಂದ ಲೆಕ್ಕ. ಕಾಳು ಬಿಡಿಸಿ ಒಂದು ನಿಮಿಷ ಕುದಿನೀರಿಗೆ ಅದ್ದಿ ಒಣಗಿಸಿದರೆ ಕಪ್ಪು ಚೆನ್ನಾಗಿ ಬರುತ್ತದೆ. ಪೂರ್ತಿ ಹಣ್ಣಾದದ್ದನ್ನು ನೆನೆಸಿ ಸಿಪ್ಪೆ ತೆಗೆದರೆ ಬೋಳಕಾಳು, ಅಂದರೆ ಬಿಳಿ ಮೆಣಸು. ಮೂರು ಕಿಲೋ ಹಸಿ ಕಾಳು ಒಣಗಿ ಸುಮಾರು ಒಂದು ಕಿಲೋ ಆಗುತ್ತದೆ. ತೋಟದ ಯಜಮಾನರನ್ನು ಮೆಣಸಿನ ತಳಿಗಳಲ್ಲಿ ಮಲ್ಲಿಗೆಸರ ಯಾವುದು, ಪಣಿಯೂರು ಯಾವುದು ಅಂತ ಕೇಳಿ ನೋಡಿ. ಆಮೇಲೆ ಅವರು ನಿಮ್ಮನ್ನು ಬೇಗ ಬಿಡುವುದಿಲ್ಲ. ‘ಆಸರಿಗೆ ಕುಡಿದು ಹೋಗಿ’ ಅಂತ ಕರೆದರೆ ಬೇಡ ಅನ್ನಬೇಡಿ. ಕಷಾಯವೋ ಮುರುಗಲು ಪಾನಕವೋ ಬರುತ್ತದೆ.

ತೋಟದ ಮೇಲಿನ ಗುಡ್ಡವನ್ನೂ ತೋರಿಸಲು ಹೇಳಿ. ಅದು ಸೊಪ್ಪಿನ ಬೆಟ್ಟ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಅಂತ ಬ್ರಿಟಿಷರ ಕಾಲದಿಂದ ಬಂದ ಹಕ್ಕು. ಅಲ್ಲಿನ ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ನಾವು ಕೊಳ್ಳುವ ಕಾಳುಮೆಣಸಿನ ಹಿಂದೆ ಇಷ್ಟು ಕಾಡು ಇದೆ. ಈ ಸೀಮೆಯ ಮೆಣಸಿಗೆ ಪೋರ್ಚುಗೀಸರೂ ಬಾಯಿ ಬಿಟ್ಟಿದ್ದರು. ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಅಂತಲೇ ಕರೆದರು. ಕರಾವಳಿಗೆ ಇಳಿಯುವ ಯೋಚನೆ ಇದ್ದರೆ ಕುಮಟಾ ಹತ್ತಿರದ ಮಿರ್ಜಾನ್ ಕೋಟೆಗೂ ಅವಳ ಹೆಸರು ಅಂಟಿಕೊಂಡಿದೆ, ನೋಡಿ ಬನ್ನಿ. ದೇವಿಮನೆ ಘಟ್ಟದ ರಸ್ತೆ ತೆರೆದಿದೆಯಾ ಅಂತ ಮೊದಲು ವಿಚಾರಿಸಿ.

ಉಪ್ಪಾಗೆ ವಿಷಯ ಬೇರೆ. ನಾವು ಹೋದಾಗ ಮರ ಮಾತ್ರ ನೋಡಿದೆವು, ಅಡುಗೆ ಮನೆಯಲ್ಲಿ ಒಣ ಸಿಪ್ಪೆ ಇತ್ತು. ಅದರ ಬೀಜದಿಂದ ತುಪ್ಪ ತೆಗೆಯುತ್ತಾರೆ, ದೋಸೆಗೆ ಹಾಕುತ್ತಾರೆ. 1990ರ ದಶಕದಲ್ಲಿ ಇದರ ಸಿಪ್ಪೆಯ ಅಂಶ ತೂಕ ಇಳಿಸುವ ಮಾತ್ರೆಗೆ ಅಂತ ವಿದೇಶದಲ್ಲಿ ಬೇಡಿಕೆ ಬಂತು, ಬೆಲೆ ಏರಿತು, ಹಣ್ಣಿನ ಆಸೆಗೆ ಕಾಡಿನಲ್ಲಿ ಕೊಂಬೆಗಳನ್ನೇ ಕಡಿದರು. ಮಳೆಗಾಲದ ಹಣ್ಣಾದ್ದರಿಂದ ಬಿಸಿಲಿಲ್ಲ, ಬೆಂಕಿಯ ಮೇಲೇ ಒಣಗಿಸಬೇಕು. ಅದಕ್ಕೆ ರಾಶಿ ಸೌದೆ. ಹೀಗೆ ಒಂದು ಹುಳಿ ಹಣ್ಣಿಗಾಗಿ ಎರಡು ಸಲ ಕಾಡಿಗೆ ಏಟು. ಕಡಿಮೆ ಸೌದೆ ಬೇಡುವ ಡ್ರೈಯರ್‌ಗಳು ಈಗ ಕೆಲವು ಕಡೆ ಬಂದಿವೆ. ಉಳಿದುಕೊಂಡ ಮನೆಯಲ್ಲಿ ಬಚ್ಚಲ ಒಲೆಗೆ ಅಡಿಕೆ ಸಿಪ್ಪೆ ಉರಿಯುತ್ತಿತ್ತು, ಅಡುಗೆಗೆ ಗೋಬರ್ ಗ್ಯಾಸ್. ಹಂಡೆಯ ನೀರು ಸಾಕಷ್ಟಿರುತ್ತದೆ, ಗೀಸರ್ ಎಲ್ಲಿ ಅಂತ ಕೇಳಬೇಡಿ.

ಸಮಯ ಉಳಿದರೆ ಜೋಗದಿಂದ ಹೊನ್ನಾವರದ ಕಡೆ, ಮಾವಿನಗುಂಡಿ ದಾಟಿದ ಮೇಲೆ ಕತ್ತಲೆಕಾನು ಸಿಗುತ್ತದೆ. ಕೆಸರಿನಿಂದ ಬೇರುಗಳು ಮೊಣಕಾಲಿನ ಹಾಗೆ ಮೇಲೆದ್ದಿರುವ ಜವುಗು ಕಾಡು, ಜಾಯಿಕಾಯಿಯ ಕಾಡು ನೆಂಟರ ಜಾಗ. ರಾಮಪತ್ರೆ ಸಿಗುವ ಮರವೂ ಅದೇ ಬಳಗದ್ದು. ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ಡಿಸೆಂಬರ್‌ನಿಂದ ಮೇವರೆಗೆ ಈ ಭಾಗದಲ್ಲಿ ಮಂಗನ ಕಾಯಿಲೆಯ ಭಯ ಇರುತ್ತದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಈ ಜ್ವರ ಉಣುಗಿನಿಂದ ಹರಡುತ್ತದೆ. ಪೂರ್ತಿ ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ತಡೆಯುವ ಎಣ್ಣೆ ಬೇಕೇ ಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು. ಆಸುಪಾಸಿನಲ್ಲಿ ಮಂಗ ಸತ್ತಿದೆ ಅಂತ ಕೇಳಿದರೆ ಆ ಕಾಡಿನ ಯೋಚನೆ ಬಿಟ್ಟುಬಿಡಿ.

ಖರೀದಿ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ಶಿರಸಿಯಲ್ಲಿ ತೋಟಗಾರರ ಸಹಕಾರಿ ಸಂಘ ಟಿಎಸ್‌ಎಸ್‌ನ ಸೂಪರ್ ಮಾರ್ಕೆಟ್ ಇದೆ, ಕದಂಬ ಮಾರ್ಕೆಟಿಂಗ್ ಇದೆ. ಕಾಳುಮೆಣಸು ಹಲ್ಲಿಗೆ ಹಾಕಿದರೆ ‘ಟಕ್’ ಅಂತ ಒಡೆಯಬೇಕು, ಮೆತ್ತಗಾದರೆ ಒಣಗಿಲ್ಲ. ಒಂದು ಹಿಡಿ ನೀರಿಗೆ ಹಾಕಿದಾಗ ಹೆಚ್ಚಿನವು ಮುಳುಗಬೇಕು. ತೇಲುವುದು ಜಾಸ್ತಿಯಾದರೆ ಜೊಳ್ಳು, ಇಲ್ಲವೇ ಪಪ್ಪಾಯಿ ಬೀಜ. ಅಪ್ಪೆಮಿಡಿ ಉಪ್ಪಿನಕಾಯಿ ಮುಚ್ಚಳ ತೆಗೆದು ಮೂಸಲು ಕೊಡುವ ಕಡೆ ಕೊಳ್ಳಿ. ಒಳ್ಳೆಯ ಮಿಡಿಯಾದರೆ ಖಾರಕ್ಕಿಂತ ಮೊದಲು ಸೊನೆಯ ಪರಿಮಳ ಮೂಗಿಗೆ ಹೊಡೆಯುತ್ತದೆ. ಹೆಸರಾದ ತಳಿ ‘ಅನಂತಭಟ್ಟನ ಅಪ್ಪೆ ಇದೆಯಾ?’ ಅಂತ ಒಂದು ಮಾತು ಕೇಳಿ ನೋಡಿ, ಅಂಗಡಿಯವರ ಮುಖಭಾವ ಬದಲಾಗುತ್ತದೆ.

ಜೋನಿ ಬೆಲ್ಲ ಮಾತ್ರ ಆಲೆಮನೆಯಿಂದಲೇ ತನ್ನಿ. ಹೊಳೆಯುವ ತಿಳಿ ಹಳದಿ ಬೆಲ್ಲ ಎಲ್ಲಿ ಕಂಡರೂ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹೈಡ್ರೋಸ್ ಹಾಕಿರಬಹುದು ಅನ್ನುವ ಅನುಮಾನ ಇರಲಿ. ಚೆನ್ನಾಗಿ ತಣಿದ ಮೇಲೆ ತುಂಬಿಸಿ, ಕ್ಯಾನಿನಲ್ಲಿ ಮೇಲೆ ನಾಲ್ಕು ಬೆರಳು ಜಾಗ ಬಿಡಿ. ತಳದಲ್ಲಿ ಹರಳು ಕಟ್ಟಿದರೆ ಹಾಳಾಗಿಲ್ಲ, ಒಣ ಸೌಟಿನಲ್ಲಿ ತಿರುವಿದರೆ ಸರಿಹೋಗುತ್ತದೆ. ಹುಬ್ಬಳ್ಳಿಯಿಂದ ವಿಮಾನದಲ್ಲಿ ಹೋಗುವವರು ಕೈಚೀಲದಲ್ಲಿ ಇಡಬೇಡಿ, ಸೆಕ್ಯುರಿಟಿಯಲ್ಲಿ ತೆಗೆಸುತ್ತಾರೆ. ಬಸ್ಸಿನಲ್ಲಿ ಹೋಗುವವರು ಡಿಕ್ಕಿಗೆ ಹಾಕದೆ ಕಾಲಬುಡದಲ್ಲೇ ನೆಟ್ಟಗೆ ನಿಲ್ಲಿಸಿಕೊಳ್ಳಿ, ಮುಚ್ಚಳಕ್ಕೆ ಎರಡು ಸುತ್ತು ಟೇಪ್ ಹಾಕಿ.