ತೋಳಿಗೆ ಅಂಟಿಕೊಂಡು ಬಂದ ಉತ್ತರಾಣಿ

ಸಣ್ಣ ಪ್ರವಾಸಿ ಹಡಗಿನ ಡೆಕ್ ವಿಭಾಗದಲ್ಲಿ ನನ್ನ ಕೆಲಸ. ಹಗ್ಗ ಕಟ್ಟುವುದು, ರಬ್ಬರ್ ದೋಣಿ ನಡೆಸುವುದು, ಜನರನ್ನು ದಡಕ್ಕೆ ಇಳಿಸಿ ವಾಪಸ್ ಕರೆತರುವುದು. ಬೇಸಿಗೆಯಲ್ಲಿ ಬೇರಿಂಗ್ ಸಮುದ್ರದ ಕಡೆ ಹೋಗುತ್ತೇವೆ. ಅಲ್ಲಿ ಸೇಂಟ್ ಮ್ಯಾಥ್ಯೂ ಅಂತ ಒಂದು ದ್ವೀಪ ಇದೆ. ಅಲಾಸ್ಕಾದ ದಡದಿಂದ 300 ಕಿಲೋಮೀಟರಿಗೂ ಜಾಸ್ತಿ ದೂರ. ಉದ್ದ ಸುಮಾರು 50 ಕಿಲೋಮೀಟರ್. ಮರ ಇಲ್ಲ, ಮನೆ ಇಲ್ಲ, ಮನುಷ್ಯರೂ ಇಲ್ಲ. ಇರುವುದು ಮಂಜು, ಗಾಳಿ ಮತ್ತು ಲಕ್ಷಗಟ್ಟಲೆ ಕಡಲ ಹಕ್ಕಿಗಳು.

ಅಲ್ಲಿಗೆ ಇಳಿಯುವ ಹಿಂದಿನ ಸಂಜೆ ಹಡಗಿನಲ್ಲಿ ಒಂದು ಕೆಲಸ ನಡೆಯುತ್ತದೆ. ಎಲ್ಲರೂ ಬೂಟು, ಜಾಕೆಟ್, ಬ್ಯಾಗು ತಂದು ಸಾಲಾಗಿ ನಿಲ್ಲುತ್ತಾರೆ. ನಾವು ವ್ಯಾಕ್ಯೂಮ್ ಹಾಕಿ ಜೇಬು ಎಳೆಯುತ್ತೇವೆ. ಬೂಟಿನ ಗೀರುಗಳಲ್ಲಿ ಸಿಕ್ಕ ಮಣ್ಣನ್ನು ಟೂತ್ ಬ್ರಷ್ಷಿನಿಂದ ಉಜ್ಜುತ್ತೇವೆ. ವೆಲ್ಕ್ರೋ ಪಟ್ಟಿಯನ್ನು ದೀಪದ ಕೆಳಗೆ ಹಿಡಿದು, ಒಳಗೆ ಸಿಕ್ಕಿಕೊಂಡ ಬೀಜಗಳನ್ನು ಚಿಮಟದಲ್ಲಿ ಒಂದೊಂದಾಗಿ ಕೀಳುತ್ತೇವೆ. ಗಂಟೆಗಟ್ಟಲೆ ಬಗ್ಗಿ ಕುಳಿತು ಸೊಂಟ ಹಿಡಿದುಕೊಳ್ಳುತ್ತದೆ. ಕೆಲವು ಪ್ರಯಾಣಿಕರಿಗೆ ಬೇಜಾರು. 'ಯಾರೂ ಇಲ್ಲದ ಜಾಗಕ್ಕೆ ಇಷ್ಟೊಂದು ಯಾಕೆ?' ಅಂತ ಕೇಳುತ್ತಾರೆ.

ಯಾರೂ ಇಲ್ಲ ಅಂತಲೇ ಇಷ್ಟೊಂದು. ಮೆಕೇಸ್ ಬಂಟಿಂಗ್ ಅನ್ನುವ ಬೆಳ್ಳನೆಯ ಪುಟ್ಟ ಹಕ್ಕಿ ಸಾಮಾನ್ಯವಾಗಿ ಗೂಡು ಕಟ್ಟುವುದು ಇಲ್ಲಿ ಮತ್ತು ಪಕ್ಕದ ಹಾಲ್ ದ್ವೀಪದಲ್ಲಿ. ಗೂಡು ಇರುವುದು ನೆಲದಲ್ಲಿ, ಕಲ್ಲುಗಳ ಸಂದಿಯಲ್ಲಿ. ಒಂದು ಜೊತೆ ಹೆಗ್ಗಣ ದಡ ಸೇರಿದರೆ ಸಾಕು, ಮುಗೀತು. ಅದಕ್ಕೇ ಡಚ್ ಹಾರ್ಬರ್‌ನಂಥ ಬಂದರಿನಲ್ಲಿ ನಿಂತಾಗ ಹಡಗಿನ ಪ್ರತಿ ಹಗ್ಗಕ್ಕೂ ದೊಡ್ಡ ತಟ್ಟೆಯಂಥ ತಗಡು ಸಿಕ್ಕಿಸುತ್ತೇವೆ. ಹಗ್ಗದ ಮೇಲೆ ನಡೆದು ಬರುವ ಇಲಿಗೆ ಅದನ್ನು ದಾಟಲು ಆಗುವುದಿಲ್ಲ. ಅಲ್ಯೂಶಿಯನ್ ಸಾಲಿನ ಒಂದು ದ್ವೀಪಕ್ಕೆ 1780ಕ್ಕೂ ಮೊದಲು ಒಡೆದ ಒಂದು ಜಪಾನಿ ಹಡಗಿನಿಂದ ಇಲಿ ಇಳಿದಿತ್ತು. ಅದಕ್ಕೆ ಹೆಸರೇ ರ‍್ಯಾಟ್ ಐಲ್ಯಾಂಡ್ ಅಂತ ಬಿತ್ತು. ಕೊನೆಗೆ 2008ರಲ್ಲಿ ಹೆಲಿಕಾಪ್ಟರಿನಿಂದ ವಿಷ ಸುರಿದು ತೆಗೆಯಬೇಕಾಯಿತು. ಒಂದು ರಾತ್ರಿ ಇಳಿದದ್ದನ್ನು ತೆಗೆಯಲು ಇನ್ನೂರಕ್ಕೂ ಜಾಸ್ತಿ ವರ್ಷ.

ಇದೆಲ್ಲ ನನಗೆ ಬಾಯಿಪಾಠ. ಬೇಜಾರು ಮಾಡಿಕೊಂಡ ಪ್ರಯಾಣಿಕರಿಗೆ ನಾನೇ ಹೇಳುತ್ತಿದ್ದೆ. ಆ ಸಂಜೆಯೂ ಹೇಳಿದೆ. ಸಾಲು ಮುಗಿಯುವಾಗ ರಾತ್ರಿ ಹತ್ತೂವರೆ. ಸಿಬ್ಬಂದಿಯ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ 'ಪರೀಕ್ಷೆ ಆಗಿದೆ' ಅಂತ ಸಹಿ ಹಾಕಿ ಮಲಗಿದೆ. ನನ್ನ ಜಾಕೆಟ್ಟನ್ನು ಯಾರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಬೆಳಗ್ಗೆ ಮಂಜು ಸ್ವಲ್ಪ ಎದ್ದಿತು. ಮೊದಲ ದೋಣಿ ನನ್ನದೇ. ಸೊಂಟದ ತನಕ ನೀರಿಗಿಳಿದು ದೋಣಿ ಹಿಡಿದೆ, ಜನ ಇಳಿದರು. ಆಮೇಲೆ ದಡದಲ್ಲಿ ಬಿದ್ದಿದ್ದ ತೇಲಿಬಂದ ಮರದ ದಿಮ್ಮಿಯ ಪಕ್ಕ ಕೂತು, ತೋಳು ಬಿಗಿಯಾಗಿದೆ ಅಂತ ವೆಲ್ಕ್ರೋ ಬಿಚ್ಚಿದೆ. ಒಳಗೆ ಉತ್ತರಾಣಿ!

ನಮ್ಮೂರು ಸಿದ್ದಾಪುರದ ಕಡೆ. ರಜೆಯಲ್ಲಿ ಡಿಸೆಂಬರ್ ಚಳಿಗೆ ಅದೇ ಜಾಕೆಟ್ ಹಾಕಿಕೊಂಡು ದಿನಾ ಬೆಳಗ್ಗೆ ತೋಟದ ಮೇಲಿನ ಬೇಣಕ್ಕೆ ಹೋಗಿದ್ದೆ. ಉತ್ತರಾಣಿ ಬಟ್ಟೆಗೆ ಹೇಗೆ ಅಂಟುತ್ತದೆ ಅಂತ ಹಳ್ಳಿಯವರಿಗೆ ಹೇಳಬೇಕಿಲ್ಲ. ಮೂರು ಉತ್ತರಾಣಿ ಬೀಜ, ಜೊತೆಗೆ ಎರಡು ತೆಳ್ಳನೆಯ ಹುಲ್ಲಿನ ಬೀಜ. ಆ ಹುಲ್ಲು ಊರಿನದೋ, ಅಲಾಸ್ಕಾದ ಬಂದರಿನದೋ ಹೇಳಲಾಗಲಿಲ್ಲ. ಉತ್ತರಾಣಿ ಆ ಚಳಿಗೆ ಬದುಕುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದಿತ್ತು. ಹುಲ್ಲಿನ ಬಗ್ಗೆ ಹಾಗೆ ಹೇಳಲು ಬರಲಿಲ್ಲ. ಐದು ಬೀಜ ಕೈಯಲ್ಲಿದ್ದವು. ಪಟ್ಟಿ ಬಿಚ್ಚಿದಾಗ ಕೆಳಗೆ ಉದುರಿದ್ದು ಎಷ್ಟು? ನೀರಿನಲ್ಲಿ ಹೋದದ್ದು ಎಷ್ಟು? ಅದು ನನಗೆ ಗೊತ್ತಾಗಲೇ ಇಲ್ಲ. ಇವತ್ತಿಗೂ ಹೊಟ್ಟೆಯೊಳಗೆ ಚುಚ್ಚುವುದು ಅದೇ.

ಆ ದ್ವೀಪದಲ್ಲಿ ಲೆಕ್ಕಕ್ಕೆ ಒಂದು ಕಥೆಯೇ ಇದೆ. 1944ರಲ್ಲಿ, ಯುದ್ಧದ ಸಮಯ, ಅಮೆರಿಕದ ಕೋಸ್ಟ್ ಗಾರ್ಡ್ ಅಲ್ಲೊಂದು ರೇಡಿಯೋ ಠಾಣೆ ಹಾಕಿತು. 19 ಜನ ಇದ್ದರು. ಊಟದ ಹಡಗು ಬರದಿದ್ದರೆ ಇರಲಿ ಅಂತ 29 ಹಿಮಸಾರಂಗಗಳನ್ನು ತಂದು ಬಿಟ್ಟರು. ಯುದ್ಧ ಮುಗಿಯಿತು, ಜನ ಹೋದರು, ಸಾರಂಗ ಉಳಿದವು. ತಿನ್ನುವ ತೋಳ ಇಲ್ಲ, ಮೇಯಲು ನೆಲದ ತುಂಬ ದಪ್ಪ ಹಾಸಿನ ಹಾಗೆ ಕಲ್ಲುಹೂವು. ನಾವು ಮಸಾಲೆಗೆ ಹಾಕುತ್ತೇವಲ್ವಾ, ಅದರದೇ ಬಳಗ. ಅದು ಬೆಳೆಯುವುದು ಬಹಳ ನಿಧಾನ. ಡೇವಿಡ್ ಕ್ಲೈನ್ ಎಂಬ ವಿಜ್ಞಾನಿ 1957ರಲ್ಲಿ ಹೋಗಿ ಎಣಿಸಿದಾಗ 1,350 ಸಾರಂಗ. 1963ರಲ್ಲಿ 6,000. ಅದರ ಮುಂದಿನ ಚಳಿಗಾಲದಲ್ಲಿ ಭಾರಿ ಹಿಮ ಬಿತ್ತು, ಮೇವು ಆಗಲೇ ತೀರಿತ್ತು. 1966ರಲ್ಲಿ ಅವರು ಮತ್ತೆ ಹೋದಾಗ ನೆಲದ ತುಂಬ ಎಲುಬು. ಬದುಕಿದ್ದದ್ದು 42. ಅದರಲ್ಲಿ ಗಂಡು ಒಂದೇ, ಅದರ ಕೊಂಬೂ ಸರಿಯಿರಲಿಲ್ಲ. 1980ರ ದಶಕದ ಹೊತ್ತಿಗೆ ಒಂದೂ ಉಳಿಯಲಿಲ್ಲ.

ತಂದು ಬಿಟ್ಟವರು ಕೆಟ್ಟವರಲ್ಲ. ತಮ್ಮ ಹುಡುಗರು ಉಪವಾಸ ಬೀಳಬಾರದು ಅಂತ ಮಾಡಿದ್ದು. ಅವರಿಗೆ ಕೊನೇಪಕ್ಷ 29 ಅನ್ನುವ ಲೆಕ್ಕವಾದರೂ ಇತ್ತು. ನನ್ನ ಹತ್ತಿರ ಅದೂ ಇರಲಿಲ್ಲ.

ಸುಮ್ನೆ ಜೇಬಿಗೆ ಹಾಕಿಕೊಂಡು ಮರೆತುಬಿಡಬಹುದಿತ್ತು, ಯಾರೂ ನೋಡಿರಲಿಲ್ಲ. ಒಂದು ನಿಮಿಷ ಹಾಗೆ ಯೋಚಿಸಿದ್ದೂ ನಿಜ. ಆಮೇಲೆ ವಾಕಿಟಾಕಿಯಲ್ಲಿ ತಂಡದ ಮುಖ್ಯಸ್ಥೆಗೆ ಹೇಳಿದೆ. ಆಕೆ ಬೈಯಲಿಲ್ಲ. ಬಂದು ಪಕ್ಕದಲ್ಲಿ ಮೊಣಕಾಲೂರಿದಳು. ನಾನು ಕೂತಿದ್ದ ಜಾಗದ ಸುತ್ತ ಒಂದೊಂದು ಕಲ್ಲು ಎತ್ತಿ ಇಬ್ಬರೂ ಹುಡುಕಿದೆವು. ಅರ್ಧ ಗಂಟೆಯಲ್ಲಿ ಇನ್ನೊಂದು ಹುಲ್ಲಿನ ಬೀಜ ಸಿಕ್ಕಿತು. ಬೂದು ಬಣ್ಣದ ಕಲ್ಲಿನ ಮೇಲೆ, ಅಕ್ಕಿಯ ನುಚ್ಚಿಗಿಂತ ಸಣ್ಣದು. ಅಷ್ಟು ಹತ್ತಿರದಿಂದ ಆ ನೆಲವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಕಲ್ಲಿನ ಸಂದಿಯಲ್ಲಿ ಉಗುರಿನಷ್ಟು ಕಲ್ಲುಹೂವು ಮತ್ತೆ ಹಬ್ಬುತ್ತಿತ್ತು. ಸಾರಂಗ ಹೋಗಿ ಇಷ್ಟು ವರ್ಷ ಆದಮೇಲೆ, ಅಷ್ಟೇ ಅಷ್ಟು.

ಆ ಜಾಗದ ಅಕ್ಷಾಂಶ ರೇಖಾಂಶ ಬರೆದು ವರದಿಗೆ ಸೇರಿಸಿದೆವು. ಯಾರ ಜಾಕೆಟ್ ಅನ್ನುವ ಕಡೆ ನನ್ನ ಹೆಸರನ್ನು ನಾನೇ ಬರೆದೆ. ಈಗ ನಮ್ಮ ಹಡಗಿನಲ್ಲಿ ಯಾರೂ ತಮ್ಮ ಹೆಸರಿನ ಮುಂದೆ ತಾವೇ ಸಹಿ ಹಾಕುವ ಹಾಗಿಲ್ಲ. ಸಂಜೆ ಸಾಲು ಶುರುವಾಗುವಾಗ ಮೊದಲು ಮೇಜಿನ ಮೇಲೆ ಬರುವುದು ನಮ್ಮ ಜಾಕೆಟ್‌ಗಳು. ನನ್ನದನ್ನು ಅಡುಗೆಮನೆಯ ಹುಡುಗ ನೋಡುತ್ತಾನೆ. ಅವನ ಕಣ್ಣು ಬಲು ಚುರುಕು.

ಮುಂದೆ ನೀವು ಯಾರಾದರೂ ಆ ದಡಕ್ಕೆ ಇಳಿದರೆ, ದಿಮ್ಮಿ ಬಿದ್ದಿರುವ ಕಡೆ ಒಂದು ಕ್ಷಣ ಬಗ್ಗಿ ನೋಡಿ. ಅಲ್ಲಿ ಇರಬಾರದ ಹಸಿರು ಏನಾದರೂ ಕಂಡರೆ ದಯವಿಟ್ಟು ತಿಳಿಸಿ.