ಕಾಡಿಗೆ ಹೊರಟಾಗ ನನ್ನ ಚೀಲದಲ್ಲಿ ಏನಿರುತ್ತದೆ?

ಕುಮಾರ ಪರ್ವತ 1712 ಮೀಟರ್ ಎತ್ತರ. ಮೊದಲ ಸಲ ಹತ್ತಿದಾಗ ಚಾಕು, ಹಗ್ಗ, ದಿಕ್ಸೂಚಿ ಅಂತ ಸುಮ್ನೆ ಏನೇನೋ ತುಂಬಿಕೊಂಡು ಹೋಗಿದ್ದೆ, ನೀರು ಮಾತ್ರ ಒಂದೇ ಲೀಟರ್! ದಾರಿ ಮಧ್ಯೆ ಸಿಗುವ ಗಿರಿಗದ್ದೆ ದಾಟಿದ ಮೇಲೆ ಹುಲ್ಲುಗುಡ್ಡ, ನೆರಳು ಕಡಿಮೆ, ನಾಲಿಗೆ ಒಣಗಿಹೋಯಿತು. ಈಗ ಮೂರು ಲೀಟರ್ ಇಲ್ಲದೆ ಹೊರಡುವುದಿಲ್ಲ.

ಆಮೇಲೆ ಟಾರ್ಚ್, ಅದೂ ತಲೆಗೆ ಕಟ್ಟುವಂಥದ್ದು, ಯಾಕೆಂದರೆ ಇಳಿಯುವಾಗ ಎರಡೂ ಕೈ ಬೇಕು. ಮೊಬೈಲ್ ನಂಬಬೇಡಿ, ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಸತ್ತಿರುತ್ತದೆ. ಒಂದು ಸೀಟಿ ಇರಲಿ. ಮಂಜು ಕವಿದು ದಾರಿ ತಪ್ಪಿದರೆ ಗಂಟಲು ಹರಿಯುವ ಹಾಗೆ ಕೂಗುವುದಕ್ಕಿಂತ ಮೂರು ಮೂರು ಸಲ ಊದುವುದು ವಾಸಿ. ಮಳೆಗಾಲವಾದರೆ ರಕ್ತ ಹೀರುವ ಇಂಬಳಕ್ಕೆ (ಜಿಗಣೆಗೆ) ಒಂದು ಪೊಟ್ಟಣ ಉಪ್ಪು. ಬೆಂಕಿಪೊಟ್ಟಣ? ನಾನು ಒಯ್ಯುವುದಿಲ್ಲ, ಅರಣ್ಯದೊಳಗೆ ಬೆಂಕಿ ಹಚ್ಚುವಂತಿಲ್ಲ ಅಲ್ವಾ. ಹಸಿವಿಗೆ ಬೆಲ್ಲ, ಹುರಿದ ಕಡಲೆಕಾಯಿ ಸಾಕು.